ಕಂಪ್ಯೂಟರಿನ ಕಾಲುಮಣೆ

ನಮ್ಮ ಆಫೀಸಿಗೆ ಕಂಪ್ಯೂಟರ್ ಬಂದ ದಿನ, ಅದರ ಪೆಟ್ಟಿಗೆ ಬಿಚ್ಚುವ ಮೊದಲೇ ನಮ್ಮೆಲ್ಲರ ಚಪ್ಪಲಿ ಬಿಚ್ಚಿಸಿದರು. ಅದು ಕೋಲಾರದ ಒಂದು ಖಾಸಗಿ ಕಾಲೇಜಿನ ಆಫೀಸು, ನಾನು ಅಲ್ಲಿ ಟೈಪಿಸ್ಟು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಳೇ ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಜಮಖಾನ ಹಾಸಿ, ಕಿಟಕಿಗೆ ಪರದೆ ಕಟ್ಟಿ ಆ ಯಂತ್ರಕ್ಕೊಂದು ಗರ್ಭಗುಡಿ ಮಾಡಿದ್ದರು. ಬಾಗಿಲ ಮೇಲೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಅಂತ ಬೋರ್ಡು. ಆ ಬೋರ್ಡನ್ನು ಟೈಪ್ ಮಾಡಿದವಳೂ ನಾನೇ.

ಕಾಲೇಜಿನ ಸೆಕ್ರೆಟರಿ ರೇಷ್ಮೆ ಪಂಚೆ ಉಟ್ಟು ಬಂದು ಮಾನಿಟರಿನ ನೆತ್ತಿಗೆ ಕುಂಕುಮ ಇಟ್ಟರು, ಕೀಬೋರ್ಡಿನ ಮೇಲೆ ಹಿಡಿ ಅಕ್ಷತೆ ಎರಚಿದರು, ಕರ್ಪೂರದ ತಟ್ಟೆಯನ್ನು ಅದರ ಮುಖದ ಮುಂದೆ ಮೂರು ಸುತ್ತು ಆಡಿಸಿದರು. ಅದನ್ನು ಜೋಡಿಸಲು ಬೆಂಗಳೂರಿಂದ ಬಂದಿದ್ದ ಎಂಜಿನಿಯರು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಆಮೇಲೆ ನನ್ನ ಹೇರ್‌ಪಿನ್ನು ಈಸಿಕೊಂಡು ಒಂದು ಗಂಟೆ ಕೀಗಳ ಸಂದಿಯಿಂದ ಅಕ್ಕಿಕಾಳು ಹೆಕ್ಕಿದ. ಸೆಕ್ರೆಟರಿಗೆ ಗೌನಿಪಲ್ಲಿ ಕಡೆ ಮಾವಿನ ತೋಪುಗಳಿದ್ದವು. ತೋಪು ಕಾಯುವುದಕ್ಕೆ ಎಷ್ಟು ವಿದ್ಯೆ ಬೇಕೋ ಅಷ್ಟೇ ವಿದ್ಯೆಯಲ್ಲಿ ಕಾಲೇಜನ್ನೂ ನಡೆಸಬಹುದು ಅಂತ ಅವರು ನಂಬಿದ್ದರು. ಪ್ರಿನ್ಸಿಪಾಲರು ಅವರ ಪಕ್ಕದಲ್ಲಿ ನಿಂತು ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿದ್ದರಿಂದ ಆ ನಂಬಿಕೆಗೆ ಯಾವತ್ತೂ ಧಕ್ಕೆ ಬರಲಿಲ್ಲ.

ನನ್ನ ಎಡಗೈ ವಿಷಯ ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ. ಮೂರನೇ ವರ್ಷಕ್ಕೆ ಪೋಲಿಯೋ ಬಂದು ಅದು ಭುಜದಿಂದ ಕೆಳಗೆ ಸತ್ತುಹೋಯಿತು. ಅಮ್ಮ ಅದರ ಮೇಲೆ ಸೆರಗು ಎಳೆದು ಎಳೆದು, ನನಗೆ ಇಪ್ಪತ್ತಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಆ ಕೈ ಇಲ್ಲವೇ ಇಲ್ಲ ಅನ್ನುವ ಹಾಗಾಗಿತ್ತು. ಹೆಣ್ಣು ನೋಡಲು ಮೂರು ಸಲ ಜನ ಬಂದರು. ಮೂರು ಸಲವೂ ಉಪ್ಪಿಟ್ಟು ಕೇಸರಿಬಾತ್ ತಿಂದು, ಕೈ ತೊಳೆಯಲು ಎದ್ದಾಗ ನನ್ನ ಸೆರಗಿನ ಕಡೆ ಕಳ್ಳನೋಟ ಬಿಟ್ಟು ಹೋದರು. ಕೊನೆಯದಾಗಿ ಬಂದ ಹೆಂಗಸು ಮಾತ್ರ ನೇರವಾಗಿಯೇ ಕೇಳಿದಳು, ‘ಒಂದು ಕೈಲಿ ಚಪಾತಿ ಹೇಗಮ್ಮ ಲಟ್ಟಿಸ್ತೀಯಾ?’

‘ನಿಮ್ಮ ಮಗನಿಗೆ ಎರಡು ಇವೆಯಲ್ಲಾ, ಅವರು ಲಟ್ಟಿಸಲಿ’ ಅಂದೆ.

ಅಲ್ಲಿಗೆ ನಮ್ಮ ಮನೆಗೆ ಜನ ಬರುವುದು ನಿಂತಿತು. ನನಗೆ ಅದರಿಂದ ಬೇಜಾರಾಗಲಿಲ್ಲ. ಬೇಜಾರಾದದ್ದು ಅಪ್ಪನ ವಿಷಯಕ್ಕೆ. ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದ ಮನುಷ್ಯ ಅವರು. ಊರಿನ ಅರ್ಧ ಮದುವೆ ಅವರೇ ಮಾಡಿಸಿದ್ದು. ಆ ಹೆಂಗಸು ನನ್ನನ್ನು ಹಾಗೆ ಕೇಳಿದಾಗ ಅಲ್ಲೇ ಚಾಪೆಯ ಮೇಲೆ ಕೂತಿದ್ದರು. ಶಲ್ಯವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ತಾಲ್ಲೂಕಿನಲ್ಲಿರಲಿಲ್ಲ. ಯಾರೂ ಅವರ ಮೇಲೆ ಸಿಟ್ಟಾಗಬಾರದು, ಅಷ್ಟೇ ಅವರಿಗೆ ಬೇಕಿದ್ದದ್ದು. ಅವತ್ತಿನಿಂದ ನಾನು ಅಪ್ಪನನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟೆ. ಅವರ ಮಂತ್ರಗಳು ಬೆಳಗಿನಿಂದ ಸಂಜೆವರೆಗೆ ಮನೆಯಲ್ಲಿ ಕೇಳುತ್ತಲೇ ಇದ್ದವು, ನಾನು ಒಂದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು ನನ್ನನ್ನು ಬಾಗಿಲಲ್ಲೇ ತಡೆದಿದ್ದರು. ‘ಇದು ಹತ್ತು ಬೆರಳಿನ ವಿದ್ಯೆ ಕಣಮ್ಮಾ’ ಅಂದರು. ನಾನು ಐದು ಬೆರಳಿನಲ್ಲೇ ಕನ್ನಡ, ಇಂಗ್ಲಿಷ್ ಎರಡೂ ಸೀನಿಯರ್ ಪಾಸು ಮಾಡಿದೆ. ಅವರ ಹತ್ತು ಬೆರಳಿನ ಶಿಷ್ಯರು ಹೊಡೆದ ಹಾಳೆಗಳನ್ನು ಆಮೇಲೆ ನೋಡಿದ್ದೇನೆ, ಇಲಿ ಓಡಾಡಿದ ಹಾಗಿರುತ್ತಿದ್ದವು. ಟೈಪ್‌ರೈಟರಿನಲ್ಲಿ ನನಗೆ ತೊಂದರೆ ಇರಲಿಲ್ಲ. ಮೇಲಿನ ಅಕ್ಷರ ಬೇಕಾದಾಗ ಶಿಫ್ಟ್ ಒತ್ತಿ ಹಿಡಿಯುವ ಬದಲು ಅದರ ಲಾಕ್ ಒತ್ತುವುದು, ಅಕ್ಷರ ಹೊಡೆಯುವುದು, ಲಾಕ್ ಬಿಚ್ಚುವುದು. ಎಲ್ಲವೂ ಒಂದೇ ಕೈ. ಎಂಟು ವರ್ಷ ಆ ಕಾಲೇಜಿನ ಒಂದೊಂದು ಕಾಗದವೂ ಹಾಗೇ ಹೊರಗೆ ಹೋಗಿತ್ತು.

ಕಂಪ್ಯೂಟರ್ ಬಂದು ಅದನ್ನೆಲ್ಲ ತಲೆಕೆಳಗು ಮಾಡಿತು. ಅದರ ಎಡಗಡೆ ಕಂಟ್ರೋಲ್ ಅಂತ ಒಂದು ಕೀ. ಬರೆದದ್ದನ್ನು ಉಳಿಸಲು, ಸಾಲು ಅಳಿಸಲು, ಪ್ರಿಂಟ್ ತೆಗೆಯಲು, ಪ್ರತಿಯೊಂದಕ್ಕೂ ಕಂಟ್ರೋಲನ್ನು ಒತ್ತಿ ಹಿಡಿದುಕೊಂಡೇ ಇನ್ನೊಂದು ಅಕ್ಷರ ಒತ್ತಬೇಕು. ಅದಕ್ಕೆ ಲಾಕ್ ಇಲ್ಲ. ಪಕ್ಕದ ಅಕ್ಷರವಾದರೆ ಬೆರಳು ಚಾಚಿ ಹೇಗೋ ಮಾಡಬಹುದು. ದೂರದ ಬಲಗಡೆಯ ಅಕ್ಷರಕ್ಕೆ ಕೈ ಸಾಲದು. ಬೆಂಗಳೂರಿನ ಎಂಜಿನಿಯರು ನಾಲ್ಕು ದಿನ ಕಲಿಸಿದ. ನಾಲ್ಕೂ ದಿನ, ‘ಲೆಫ್ಟ್ ಹ್ಯಾಂಡ್ ಇಲ್ಲಿಡಿ ಮೇಡಂ’ ಅಂತಲೇ ಶುರು ಮಾಡುತ್ತಿದ್ದ. ನಾಲ್ಕೂ ದಿನ ನಾನು ಅವನ ಮುಖ ನೋಡುತ್ತಿದ್ದೆ, ಅವನು ನೆನಪಾಗಿ ತುಟಿ ಕಚ್ಚಿಕೊಳ್ಳುತ್ತಿದ್ದ. ಇಂಥವರ ತಲೆಯಲ್ಲಿ ದೇಶದ ಭವಿಷ್ಯ ಇದೆ ಅಂತ ಪ್ರಿನ್ಸಿಪಾಲರು ಭಾಷಣದಲ್ಲಿ ಹೇಳಿದ್ದರು.

ಅವನು ಹೋದ ಮೇಲೆ ನಾನೇ ದಾರಿ ಹುಡುಕಿದೆ. ಕಂಟ್ರೋಲಿನ ಮೇಲೆ ಗಾಜಿನ ಪೇಪರ್‌ವೇಟ್ ಇಟ್ಟೆ. ಅದು ಕೂತಲ್ಲೇ ಕೂತಿತು, ನಾನು ಹೊಡೆದ ಒಂದೊಂದು ಅಕ್ಷರವೂ ಆಜ್ಞೆಯಾಗಿ, ವಿಶ್ವವಿದ್ಯಾಲಯಕ್ಕೆ ಬರೆದಿದ್ದ ಪತ್ರ ನನ್ನ ಕಣ್ಣೆದುರೇ ಸಾಲುಸಾಲಾಗಿ ಮಾಯವಾಯಿತು. ಇನ್ನೊಂದು ದಿನ ಯಾರೂ ಇಲ್ಲವೆಂದು ನೋಡಿಕೊಂಡು, ಬಗ್ಗಿ, ಗದ್ದದಿಂದ ಒತ್ತಿದೆ. ಅಷ್ಟರಲ್ಲಿ ಅಟೆಂಡರು ಬಾಗಿಲಿಗೆ ಬಂದ. ನಾನು ಕಂಪ್ಯೂಟರಿಗೆ ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಂಡು ತಾನೂ ಕೈ ಮುಗಿದು ಹೋದ. ಅವನು ಹೋದ ಮೇಲೆ ಕುರ್ಚಿಯಲ್ಲಿ ಕೂತು ಅತ್ತೆ. ಅವತ್ತು ಅತ್ತದ್ದು ಯಾರಿಗೂ ಗೊತ್ತಿಲ್ಲ, ಈಗ ಬರೆಯುತ್ತಿದ್ದೇನೆ.

ಸೆಕ್ರೆಟರಿ ಕರೆಸಿದರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ.

‘ಚೂಡಮ್ಮಾ, ನೋಡಿ, ಬೇಜಾರು ಮಾಡ್ಕೋಬೇಡಿ. ಇದು ಎರಡು ಕೈ ಇರೋರ ಕೆಲಸ. ಸಂಕ್ರಾಂತಿ ಆದ್ಮೇಲೆ ಪರೀಕ್ಷೆ ಪಟ್ಟಿಗಳೆಲ್ಲಾ ಇದ್ರಲ್ಲೇ ಬರಬೇಕು. ಅಷ್ಟರಲ್ಲಿ ನಿಮ್ಮ ಕೈಲಿ ಆದ್ರೆ ಸಂತೋಷ. ಆಗ್ದಿದ್ರೆ ಲೈಬ್ರರಿ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಸ್ತೀನಿ. ಹುಡುಗರ ಚೀಲ ನೋಡ್ಕೊಂಡು ಆರಾಮಾಗಿ ಇರಬಹುದು. ಟೈಪಿಂಗಿಗೆ ಮಾಲೂರಿಂದ ನಮ್ಮ ಅಕ್ಕನ ಮಗ ಬರ್ತಾನೆ.’

ಅಕ್ಕನ ಮಗನನ್ನು ನಾನು ನೋಡಿದ್ದೆ. ಅವನಿಗೆ ಎರಡು ಕೈ ಇದ್ದದ್ದು ನಿಜ. ಎರಡನ್ನೂ ಅವನು ಬಳಸುತ್ತಿದ್ದದ್ದು ಕ್ರಾಪು ತಿದ್ದಿಕೊಳ್ಳುವುದಕ್ಕೆ. ಅವನಿಗೆ ನನ್ನ ಕುರ್ಚಿ, ನನಗೆ ಚೀಲ ಕಾಯುವ ಕೆಲಸ. ಎಂಟು ವರ್ಷದ ಟೈಪಿಸ್ಟು ಬಾಗಿಲಲ್ಲಿ ಕೂತು, ಹೋಗಿ ಬರುವವರೆಲ್ಲ ‘ಪಾಪ’ ಅಂದುಕೊಂಡು ಹೋಗುವುದನ್ನು ನೋಡಬೇಕು. ಆ ‘ಪಾಪ’ ಅನ್ನುವ ಪದದ ಮೇಲಿದ್ದಷ್ಟು ಹೇಸಿಗೆ ನನಗೆ ಇನ್ಯಾವುದರ ಮೇಲೂ ಇರಲಿಲ್ಲ. ಸಂಕ್ರಾಂತಿಗೆ ಆರು ವಾರವಿತ್ತು.

ಉಪಾಯ ಹೊಳೆದದ್ದು ಮುಳಬಾಗಿಲು ಬಸ್‌ಸ್ಟ್ಯಾಂಡಿನ ಹಿಂದೆ, ಹೊಲಿಗೆ ಮೆಷಿನ್ ರಿಪೇರಿ ಮಾಡುವ ಸಾಬರ ಅಂಗಡಿಯಲ್ಲಿ. ಅಮ್ಮನ ಮೆಷಿನ್ನಿಗೆ ಬೆಲ್ಟ್ ತರಲು ಹೋಗಿದ್ದೆ. ಸಾಬರು ಒಂದು ಹಳೇ ಮೆಷಿನ್ ಓಡಿಸಿ ನೋಡುತ್ತಿದ್ದರು. ಎರಡು ಕೈಯೂ ಬಟ್ಟೆಯ ಮೇಲೆ, ಮೆಷಿನ್ ಓಡುತ್ತಿದ್ದದ್ದು ಕಾಲಿನಲ್ಲಿ. ಹುಟ್ಟಿದಾಗಿನಿಂದ ನೋಡಿದ ದೃಶ್ಯ ಅದು. ಅವತ್ತು ಮಾತ್ರ ನಾನು ಬೆಲ್ಟ್ ಮರೆತು ಅವರ ಪಾದವನ್ನೇ ನೋಡುತ್ತಾ ನಿಂತೆ.

‘ಏನಮ್ಮಾ, ಏನ್ ಬೇಕು?’ ಅಂದರು ಸಾಬರು.

ಹೇಳಿದೆ. ಅವರು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೊಟ್ಟರು. ಹಲಗೆಯ ಮೇಲೆ ಕೀಬೋರ್ಡಿನ ಚಿತ್ರ ಬರೆದು, ಈ ಮೂಲೆಯ ಕೀಯನ್ನು ಕಾಲಿನಲ್ಲಿ ಒತ್ತಿ ಹಿಡಿಯಬೇಕು, ಬಿಟ್ಟರೆ ಏಳಬೇಕು, ಪೆಟ್ಟಿಗೆಯನ್ನು ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂದೆ.

‘ಈ ಮೆಷಿನ್ ಏನ್ ಹೊಲಿಯುತ್ತೆ?’

‘ಕಾಗದ ಬರೆಯುತ್ತೆ.’

‘ಕ್ಯಾ ಬಾತ್!’ ಅಂದು ಗಡ್ಡ ಕೆರೆದುಕೊಂಡರು. ‘ಸೈಕಲ್ ಬ್ರೇಕ್ ಹೆಂಗ್ ಹಿಡಿಯುತ್ತೆ? ಕೈ ಇಲ್ಲಿ, ಚಕ್ರ ಅಲ್ಲಿ. ನಡುವೆ ವೈರ್. ನಿಮ್ದು ಕಾಲು ಇಲ್ಲಿ, ಬಟನ್ ಅಲ್ಲಿ. ಅಷ್ಟೇ ತಾನೆ ಬೇಟಿ?’

ಎಂಜಿನಿಯರಿನ ತಲೆಗೆ ನಾಲ್ಕು ದಿನದಲ್ಲಿ ಹೋಗದ ವಿಷಯ ಸಾಬರ ತಲೆಗೆ ಐದು ನಿಮಿಷದಲ್ಲಿ ಹೋಗಿತ್ತು. ನನ್ನ ಕೈಯ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಈ ಮನುಷ್ಯನಲ್ಲಿ ಏನಾದರೂ ಐಬು ಸಿಗುತ್ತದೆಯೇ ಅಂತ ಹುಡುಕಿದೆ, ಅಭ್ಯಾಸಬಲ. ಸಿಕ್ಕಿದ್ದು ಒಂದೇ, ಹೇಳಿದ ದಿನ ಯಾವತ್ತೂ ಕೊಡುತ್ತಿರಲಿಲ್ಲ.

ಮನೆಯ ಅಟ್ಟದಿಂದ ಒಂದು ಹಳೇ ಹಲಸಿನ ಮಣೆ ಇಳಿಸಿಕೊಂಡು ಹೋದೆ. ಊಟಕ್ಕೆ ಕೂರುವ ಮಣೆ, ಒಂದು ಕಾಲು ಮುರಿದದ್ದು. ಸಾಬರು ಅದನ್ನು ಎರಡು ಹೋಳು ಮಾಡಿ, ಒಂದನ್ನು ನೆಲಕ್ಕಿಟ್ಟು, ಇನ್ನೊಂದನ್ನು ಬಾಗಿಲಿನ ಕೀಲಿನಿಂದ ಅದಕ್ಕೆ ಜೋಡಿಸಿದರು. ನಡುವೆ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು. ತುಳಿದರೆ ಮೇಲಿನ ಹೋಳು ಕೆಳಗಿಳಿದು ಬ್ರೇಕ್ ವೈರನ್ನು ಎಳೆಯುತ್ತಿತ್ತು. ವೈರಿನ ಇನ್ನೊಂದು ತುದಿಗೆ, ಕೀಬೋರ್ಡಿನ ಮೇಲೆ ಕಮಾನಿನ ಹಾಗೆ ನಿಲ್ಲುವ ಒಂದು ಕಬ್ಬಿಣದ ಪಟ್ಟಿ. ಅದರಿಂದ ಕೆಳಕ್ಕೆ ಇಳಿಬಿದ್ದದ್ದು ಹಳೇ ಮೆಷಿನ್ನಿನಲ್ಲಿ ಬಟ್ಟೆಯನ್ನು ಅದುಮಿ ಹಿಡಿಯುವ ಪುಟ್ಟ ಕಬ್ಬಿಣದ ಕಾಲು. ಅಂದರೆ ನಾನು ಕೆಳಗೆ ತುಳಿದರೆ ಮೇಲೆ ಅದು ಕಂಟ್ರೋಲನ್ನು ತುಳಿಯುತ್ತಿತ್ತು.

ಎರಡು ವಾರ ತಡವಾಗಿ ಕೊಟ್ಟರು. ಗೋಣಿಚೀಲದಲ್ಲಿ ಸುತ್ತಿಕೊಂಡು ಕೋಲಾರದ ಬಸ್ಸು ಹತ್ತಿದೆ. ಕಂಡಕ್ಟರು ಚೀಲದ ಬಾಯಿಗೆ ಇಣುಕಿ, ‘ಇದೇನ್ರೀ, ಹೆಗ್ಗಣ ಹಿಡಿಯೋ ಬೋನಾ?’ ಅಂದ. ‘ಹೌದು, ನಮ್ಮ ಕಾಲೇಜಲ್ಲಿ ಒಂದು ದೊಡ್ಡದಿದೆ’ ಅಂದೆ.

ಮೊದಲ ದಿನ ಅದು ಕೆಲಸ ಮಾಡಲಿಲ್ಲ. ಕಬ್ಬಿಣದ ಕಾಲು ನುಣುಪಾದ ಕೀಯ ಮೇಲೆ ನಿಲ್ಲದೆ ಜಾರುತ್ತಿತ್ತು, ಜಾರಿ ಪಕ್ಕದ ಕೀಗೆ ಬಡಿಯುತ್ತಿತ್ತು. ವಾಪಸ್ ತಂದೆ. ಸಾಬರು ಸುತ್ತಮುತ್ತ ನೋಡಿದರು, ನನ್ನ ಕಾಲಿನ ಕಡೆ ನೋಡಿದರು. ನನ್ನ ಹವಾಯಿ ಚಪ್ಪಲಿಯ ಒಂದು ಹಿಮ್ಮಡಿ ಸವೆದು ಕಿತ್ತುಹೋಗಿತ್ತು. ‘ಇದು ಕೊಡಿ’ ಅಂದು, ಬ್ಲೇಡಿನಲ್ಲಿ ಕಡಲೆಕಾಯಿ ಬೀಜದಷ್ಟು ರಬ್ಬರು ಕತ್ತರಿಸಿ, ಆ ಕಬ್ಬಿಣದ ಕಾಲಿನ ಅಡಿಗೆ ಅಂಟಿಸಿದರು. ನೀಲಿ ರಬ್ಬರು.

ಚಪ್ಪಲಿ ತುಂಡು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರ ಚಪ್ಪಲಿಯನ್ನೂ ಒಳಗೆ ಬಿಡದ ಕೋಣೆಯಲ್ಲಿ, ಕುಂಕುಮ ಹಚ್ಚಿಸಿಕೊಂಡ ಯಂತ್ರದ ತಲೆಯ ಮೇಲೆ ನನ್ನ ಚಪ್ಪಲಿ ಕೂರುತ್ತದೆ ಅನ್ನುವ ಯೋಚನೆಗೆ ನನಗೆ ಒಳಗೊಳಗೇ ಖುಷಿಯೂ ಆಯಿತು. ಆದರೂ ಹುಷಾರಿರಲಿ ಅಂತ ಆಫೀಸಿನ ಸ್ಟಾಂಪ್ ಪ್ಯಾಡಿನ ಮಸಿ ಬಳಿದು ಅದನ್ನು ಕಪ್ಪು ಮಾಡಿದೆ.

ಅದು ನಿಂತಿತು. ಕಾಲು ಒತ್ತಿದೆ, ದೂರದ ಅಕ್ಷರ ಹೊಡೆದೆ, ಬರೆದದ್ದು ಉಳಿಯಿತು ಅಂತ ಪರದೆಯ ಮೇಲೆ ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಎಂಟು ವರ್ಷದಲ್ಲಿ ಮೊದಲ ಬಾರಿಗೆ ನಡುವೆ ಲಾಕ್ ಹಾಕಿ ಬಿಚ್ಚದೆ ಎರಡು ದೂರದ ಕೀ ಒಟ್ಟಿಗೆ ಒತ್ತಿದ್ದೆ. ಎರಡನೇ ವಾರಕ್ಕೆ ನಾನು ಟೈಪ್‌ರೈಟರಿಗಿಂತ ಜೋರಾಗಿದ್ದೆ. ಸಂತೋಷ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ನೆನಪಾಗುವುದು ಪಾದದಡಿ ಆ ಸ್ಪ್ರಿಂಗು ಕುಗ್ಗಿ ಏಳುವುದು. ಸಾಬರ ಅಂಗಡಿಯ ಮುಂದೆ ಹಾಯುವಾಗಲೆಲ್ಲ ಅವರು ಕೂಗಿ ಕೇಳುತ್ತಿದ್ದರು, ‘ಬೇಟಿ, ಹೊಲೀತಾ ಇದೆಯಾ?’ ನಾನು ‘ಚೆನ್ನಾಗಿ ಹೊಲೀತಿದೆ’ ಅನ್ನುತ್ತಿದ್ದೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಸೆಕ್ರೆಟರಿ ಆಡಳಿತ ಮಂಡಳಿಯ ಇಬ್ಬರನ್ನು ಕರೆದುಕೊಂಡು ಕಂಪ್ಯೂಟರ್ ತೋರಿಸಲು ಬಂದರು. ನಾನು ಕೆಲಸದಲ್ಲಿದ್ದೆ. ಸೆಕ್ರೆಟರಿಯ ಕಣ್ಣು ಮೊದಲು ಪರದೆಗೆ, ಆಮೇಲೆ ವೈರಿಗೆ, ವೈರಿನ ಜೊತೆ ಇಳಿದು ನನ್ನ ಬರಿಗಾಲಿಗೆ ಬಂತು.

‘ಅಯ್ಯೋ ರಾಮಾ! ಏನಮ್ಮಾ ಇದು? ಸರಸ್ವತಿನ ಕಾಲಲ್ಲಿ ಒದೀತಿದೀರಾ?’

‘ಒದೀತಿಲ್ಲ ಸಾರ್, ತುಳೀತಿದೀನಿ’ ಅಂದೆ. ಸುಮ್ಮನಿರಬೇಕಿತ್ತು. ನನಗೆ ಆ ಗುಣ ಇಲ್ಲ.

ಅವರು ಬಗ್ಗಿ ನೋಡಿದರು. ಎರಡು ವಾರದ ತುಳಿತಕ್ಕೆ ಮಸಿ ಅಳಿಸಿಹೋಗಿತ್ತು, ಕೀಯ ಮೇಲೆ ನೀಲಿ ರಬ್ಬರು ಎದ್ದು ಕಾಣುತ್ತಿತ್ತು. ‘ಇದು ಹವಾಯಿ ಚಪ್ಪಲಿ ಅಲ್ವಾ?’ ಅಂದರು. ಮಂಡಳಿಯ ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು. ಹಾರ್ಮೋನಿಯಂ ಕಾಲಲ್ಲಿ ಒತ್ತಲ್ವಾ ಸಾರ್, ಆಯುಧಪೂಜೆಯಲ್ಲಿ ಹೊಲಿಗೆ ಮೆಷಿನ್ನಿನ ಪೆಡಲಿಗೂ ಕುಂಕುಮ ಇಡಲ್ವಾ, ನೀವು ನಿಮ್ಮ ಕಾರಿನ ಬ್ರೇಕಿಗೆ ಕೈ ಹಾಕ್ತೀರಾ ಅಂತೆಲ್ಲ ಕೇಳಿದೆ. ಅವರು ಕ್ಯಾರೇ ಅನ್ನಲಿಲ್ಲ. ಅದು ಬೇರೆ, ಇದು ವಿದ್ಯೆ ಅಂದರು. ಹಿಂದೆಯೇ ಬಂದು ನಿಂತಿದ್ದ ಪ್ರಿನ್ಸಿಪಾಲರು ‘ವಿದ್ಯೆ, ವಿದ್ಯೆ’ ಅಂದರು.

‘ನಾನೇನೂ ಹಠ ಮಾಡಲ್ಲ’ ಅಂದರು ಸೆಕ್ರೆಟರಿ. ‘ನಿಮ್ಮ ತಂದೆಯವರು ಶಾಸ್ತ್ರ ತಿಳಿದೋರು. ನಮ್ಮ ಮನೆ ಕಾರ್ಯಕ್ಕೂ ಅವರೇ ಬರೋದು. ಅವರನ್ನೇ ಕೇಳೋಣ. ಅವರು ದೋಷ ಇಲ್ಲ ಅಂದ್ರೆ ಇರಲಿ. ದೋಷ ಅಂದ್ರೆ ಅವತ್ತೇ ಇದನ್ನ ಕಿತ್ತು ಹಾಕಿಸ್ತೀನಿ.’

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಸೆಕ್ರೆಟರಿಯ ಮನೆಯ ಹೋಮ, ಗೃಹಪ್ರವೇಶ ಎಲ್ಲ ಅಪ್ಪನದೇ. ಅಂಥವರ ಮುಂದೆ ಈ ಮನುಷ್ಯ ಬಾಯಿ ಬಿಡುವುದುಂಟೇ? ಶಲ್ಯ ಮಡಚುತ್ತಾರೆ, ಬಿಚ್ಚುತ್ತಾರೆ. ‘ತಾವು ಹೇಳಿದ ಹಾಗೆ’ ಅನ್ನುತ್ತಾರೆ. ನಾನು ಲೈಬ್ರರಿ ಬಾಗಿಲಿಗೆ ಹೋಗುತ್ತೇನೆ.

ಅಪ್ಪ ಮಾರನೇ ದಿನ ನನ್ನ ಜೊತೆಯೇ ಬಸ್ಸಿನಲ್ಲಿ ಬಂದರು. ಕಾಲೇಜಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಕಂಪ್ಯೂಟರ್ ಕೋಣೆಗೆ ಬಂದರು. ಸೆಕ್ರೆಟರಿ ಅವರಿಗೆ ಕುರ್ಚಿ ಹಾಕಿಸಿ, ನಡೆದದ್ದೆಲ್ಲ ವಿವರಿಸಿ, ‘ಏಮಂಟಾರು ಸ್ವಾಮಿ, ಏನಂತೀರಿ?’ ಅಂದರು. ಅಪ್ಪ ಕುರ್ಚಿಯಲ್ಲಿ ಕೂರಲಿಲ್ಲ.

‘ತುಳಿ, ನೋಡೋಣ’ ಅಂದರು ನನಗೆ.

ಕೂತು ಮಣೆಯ ಮೇಲೆ ಬಲಗಾಲು ಇಟ್ಟು ಒತ್ತಿದೆ. ಅಪ್ಪ ಪಂಚೆ ಸರಿಮಾಡಿಕೊಂಡು ನಿಧಾನವಾಗಿ ನನ್ನ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಮಂಡಿ ನೋವಿದ್ದ ಮನುಷ್ಯ. ಸ್ಪ್ರಿಂಗು ನೋಡಿದರು. ವೈರನ್ನು ಬೆರಳಿನಿಂದ ಮುಟ್ಟುತ್ತಾ ಅದು ಮೇಲೆ ಹೋಗುವ ದಾರಿಯನ್ನು ನೋಡಿದರು. ಎದ್ದು, ಕೀಯ ಮೇಲಿದ್ದ ನೀಲಿ ರಬ್ಬರನ್ನು ಕಿರುಬೆರಳಿನಿಂದ ಒತ್ತಿದರು.

‘ಇದು ರಬ್ಬರು. ಚರ್ಮ ಅಲ್ಲ. ರಬ್ಬರಿಗೆ ಮೈಲಿಗೆ ಇಲ್ಲ’ ಅಂದರು.

ಸೆಕ್ರೆಟರಿ, ‘ಸರಿ ಸ್ವಾಮಿ, ಆದ್ರೆ ಕಾಲು...’ ಅಂದರು.

‘ಅದಕ್ಕೆ ಮಂತ್ರ ಇದೆ.’

ಮತ್ತೆ ಬಗ್ಗಿದರು. ಸೊಂಟದ ಚೀಲದಿಂದ ನಾಲ್ಕು ಕಾಳು ಅಕ್ಷತೆ ತೆಗೆದು ಮಣೆಯ ಮೇಲೆ ಹಾಕಿ, ನನ್ನ ಕಾಲನ್ನು ಅವರೇ ಕೈಯಿಂದ ಎತ್ತಿ ಮಣೆಯ ಮೇಲೆ ಇಟ್ಟರು. ಅಪ್ಪ ನನ್ನ ಕಾಲು ಮುಟ್ಟಿದ್ದು ನನಗೆ ತಿಳಿವಳಿಕೆ ಬಂದ ಮೇಲೆ ಅದೇ ಮೊದಲು. ಕಾಲು ಎಳೆದುಕೊಳ್ಳಲು ಹೋದೆ, ಅವರು ಬಿಡಲಿಲ್ಲ. ಮನೆಯಲ್ಲಿ ಗೊಣಗಿದ ಹಾಗೆ ಕೇಳುವ ಆ ಧ್ವನಿ, ಅಷ್ಟು ಚಿಕ್ಕ ಕೋಣೆಯಲ್ಲಿ ತುಂಬಿಕೊಂಡು ಬಂತು. ನನಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಅಶ್ಮ, ಅಶ್ಮ ಅಂತ ಬೆನ್ನಿಗೆ ಬೆನ್ನು ಎರಡು ಸಲ ಬಂದದ್ದು ಮಾತ್ರ ಕಿವಿಯಲ್ಲಿ ಉಳಿಯಿತು.

ಮುಗಿಸಿ ಎದ್ದು, ಸೆಕ್ರೆಟರಿಯ ಮುಖವನ್ನು ನೇರವಾಗಿ ನೋಡಿ ಹೇಳಿದರು. ‘ಒಂದು ಅಂಗ ನಿಂತರೆ ಇನ್ನೊಂದು ಅಂಗ ಅದರ ಕೆಲಸ ಮಾಡಬಹುದು ಅಂತ ಇದರ ಅರ್ಥ. ದೋಷ ಇಲ್ಲ. ಇನ್ನು ಮೇಲೆ ಇದನ್ನ ತೆಗೆದರೇ ದೋಷ.’

ಸೆಕ್ರೆಟರಿ ಕೈ ಮುಗಿದರು. ಪ್ರಿನ್ಸಿಪಾಲರು ಅದಕ್ಕೂ ಮೊದಲೇ ಮುಗಿದಿದ್ದರು. ಮಾಲೂರಿನ ಅಕ್ಕನ ಮಗ ಬರಲಿಲ್ಲ. ಪರೀಕ್ಷೆಯ ಪಟ್ಟಿಗಳನ್ನು ನಾನೇ ಹೊಡೆದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನನ್ನ ಗೆಲುವಿನ ಕತೆಯಾಗುತ್ತಿತ್ತು. ಆದರೆ ಅವತ್ತು ಸಂಜೆ ವಾಪಸ್ ಬರುವ ಬಸ್ಸಿನಲ್ಲಿ ನಾನು ಅಪ್ಪನ ಪಕ್ಕದಲ್ಲಿ ಕೂತಿದ್ದೆ. ಅವರು ಕಿಟಕಿಯ ಕಡೆ. ಕೃತಜ್ಞತೆ ಹೇಳುವ ಅಭ್ಯಾಸ ನನಗಿರಲಿಲ್ಲ. ಜೊತೆಗೆ, ಇಷ್ಟು ಸುಲಭವಾಗಿ ಮಾಡಬಹುದಾಗಿದ್ದ ಕೆಲಸವನ್ನು ಇಷ್ಟು ವರ್ಷ ಮಾಡಲಿಲ್ಲವಲ್ಲ ಅನ್ನುವ ಸಿಟ್ಟು ಬಂತು.

‘ಅಂಥ ಮಂತ್ರ ನಿಜವಾಗ್ಲೂ ಇದೆಯಾ ಅಪ್ಪ?’ ಅಂದೆ.

ಅವರು ಹೊರಗೆ ನೋಡುತ್ತಲೇ, ‘ಯಾವುದೋ ಒಂದು’ ಅಂದರು.

‘ಅಂದ್ರೆ ಬಾಯಿಗೆ ಬಂದದ್ದು ಹೇಳಿದ್ರಿ. ನಿಮ್ಮ ಶಾಸ್ತ್ರಕ್ಕೆ ಅಷ್ಟೇ ಕಿಮ್ಮತ್ತು.’

ಅಷ್ಟಕ್ಕೇ ಬಿಡಬಹುದಿತ್ತು.

‘ಮೂರು ಸಲ ಜನ ಬಂದು ನನ್ನನ್ನ ದನ ನೋಡಿದ ಹಾಗೆ ನೋಡಿ ಹೋದ್ರಲ್ಲಾ, ಆಗ ಎಲ್ಲಿ ಹೋಗಿತ್ತು ಈ ಬಾಯಿ?’

ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ತೊಡೆಯ ಮೇಲಿದ್ದ ಶಲ್ಯ ತೆಗೆದುಕೊಂಡರು, ಮಡಚಿದರು, ಬಿಚ್ಚಿದರು. ನಾನು ಮುಖ ತಿರುಗಿಸಿದೆ. ನೋಡಿ, ಮತ್ತೆ ಅದೇ, ಅಂತ ಮನಸ್ಸಿನಲ್ಲೇ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಆ ವರ್ಷ ವೈಶಾಖದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯ ಮದುವೆ, ಮುಳಬಾಗಿಲಿನ ಛತ್ರದಲ್ಲಿ. ಪೌರೋಹಿತ್ಯ ಅಪ್ಪನದೇ. ಮದುವೆಗಳಿಗೆ ನಾನು ಹೋಗುತ್ತಿದ್ದದ್ದೇ ಕಡಿಮೆ, ಹೋದರೂ ಉಗ್ರಾಣ ಬಿಟ್ಟು ಈಚೆ ಬರುತ್ತಿರಲಿಲ್ಲ. ಮಂಟಪದ ಹತ್ತಿರ ನಿಂತರೆ ಯಾರಾದರೂ ಒಬ್ಬರು ‘ನಿನ್ನದು ಯಾವಾಗ’ ಅಂತ ಶುರು ಮಾಡಿ, ಕೈ ನೋಡಿ, ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಉಗ್ರಾಣದಲ್ಲಿ ಕೂತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದೆ. ಜೊತೆಗೆ ಬೀದಿಯ ಒಬ್ಬ ಅಜ್ಜಿ ಎಲೆ ಅಡಿಕೆ ಜೋಡಿಸುತ್ತಿದ್ದರು.

ಮದುವೆಯ ಮಂತ್ರಗಳು ಯಾರಿಗೂ ಕೇಳಿಸುವುದಿಲ್ಲ. ಓಲಗದವರು ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ಅವತ್ತು ಹುಡುಗಿಯ ತಂದೆ ದೊಡ್ಡಸ್ತಿಕೆ ತೋರಿಸಲು ಪುರೋಹಿತರ ಮುಂದೆ ಮೈಕ್ ಇಡಿಸಿದ್ದರು. ಮಾಂಗಲ್ಯ ಕಟ್ಟಿ ಮುಗಿದ ಮೇಲೆ ಓಲಗದವರು ಊಟಕ್ಕೆ ಹೋದರು. ಹೋಮ ನಡೆಯುತ್ತಿತ್ತು. ಛತ್ರದ ಮೂಲೆಮೂಲೆಗೂ ಕಟ್ಟಿದ್ದ ಧ್ವನಿವರ್ಧಕದಲ್ಲಿ ಅಪ್ಪನ ಧ್ವನಿಯೊಂದೇ.

ಕಾಯಿ ಚೀಲಕ್ಕೆ ಹಾಕುತ್ತಿದ್ದ ಕೈ ನಿಂತಿತು. ಅಶ್ಮ, ಅಶ್ಮ. ಬೆನ್ನಿಗೆ ಬೆನ್ನು ಎರಡು ಸಲ. ಅದೇ ಏರು, ಅದೇ ಇಳಿತ.

‘ಅಜ್ಜಿ, ಅಲ್ಲಿ ಈಗ ಏನು ನಡೀತಿದೆ?’

ಅಜ್ಜಿ ಎಲೆಯಿಂದ ಕಣ್ಣೆತ್ತದೆ ಹೇಳಿದರು. ‘ಸಣ್ಣೇಕಲ್ಲು ತುಳಿಸ್ತಿದಾರೆ ಕಣೇ. ಗಂಡು ಹೆಣ್ಣಿನ ಕಾಲು ಹಿಡಿದು ಕಲ್ಲಿನ ಮೇಲೆ ಇಡ್ತಾನಲ್ಲ, ಅದು. ಅಶ್ಮ ಅಂದ್ರೆ ಕಲ್ಲು. ಈ ಕಲ್ಲಿನ ಥರ ಗಟ್ಟಿಯಾಗಿ ನಿಲ್ಲು, ಯಾರು ಬಂದ್ರೂ ಅಲುಗಬೇಡ ಅಂತ ಹೇಳೋದು.’

ಎದ್ದು ಉಗ್ರಾಣದ ಬಾಗಿಲಿಗೆ ಬಂದೆ. ಮಂಟಪದಲ್ಲಿ ಹುಡುಗ ಬಗ್ಗಿ ಹುಡುಗಿಯ ಬಲಗಾಲು ಎತ್ತಿ ಕಲ್ಲಿನ ಮೇಲೆ ಇಡುತ್ತಿದ್ದ. ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು. ನೂರಾರು ಹೆಣ್ಣುಮಕ್ಕಳ ಕಾಲಿಗೆ ಅವರು ಹೇಳಿದ ಮಾತು ಅದು. ನನ್ನ ಕಾಲಿಗೆ ಹೇಳುವ ದಿನ ಬರುವುದಿಲ್ಲ ಅಂತ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಒಂದು ಕಾಳು ಅಕ್ಷತೆ ಹೆಚ್ಚು ಕಡಿಮೆಯಾದರೂ ಮತ್ತೆ ಸಂಕಲ್ಪ ಮಾಡುವ ಮನುಷ್ಯ, ಸಾಬರು ಕೊಯ್ದ ಮುರುಕು ಮಣೆಯ ಮುಂದೆ, ಆ ಗೌನಿಪಲ್ಲಿ ತೋಪಿನ ಧಣಿಯ ಕಣ್ಣೆದುರು, ಮದುವೆಯ ಹೋಮವಿಲ್ಲದೆ ಬಾಯಲ್ಲಿ ಬರಬಾರದ ಮಂತ್ರವನ್ನು ಬಾಯಿಬಿಟ್ಟು ಹೇಳಿದ್ದರು. ಅರ್ಥವನ್ನು ಸುಳ್ಳು ಹೇಳಿದ್ದರು. ಬಾಯಿಗೆ ಬಂದದ್ದು ಹೇಳಿದಿರಿ ಅಂತ ನಾನು ಬಸ್ಸಿನ ಜನರ ಮುಂದೆ ಅಂದಿದ್ದೆ.

ಅಪ್ಪ ಹೊಗೆಯಿಂದ ಮುಖ ತಿರುಗಿಸಿದಾಗ ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ನನ್ನ ಮುಖದಲ್ಲಿ ಏನಿತ್ತೋ, ಅವರಿಗೆ ತಿಳಿಯಿತು. ಧ್ವನಿವರ್ಧಕ ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು. ಜನ ಮೈಕ್ ಕೆಟ್ಟಿತು ಅಂತ ತಿರುಗಿ ನೋಡಿದರು. ಆಮೇಲೆ ಅವರು ಮುಂದಿನ ಮಂತ್ರ ಹೇಳಿದರು.

ನನ್ನ ಆಯುಷ್ಯದಲ್ಲಿ ಎಷ್ಟೋ ಜನರನ್ನು ಕಡೆಗಣಿಸಿದ್ದೇನೆ. ಹೆಚ್ಚಿನವರು ಅದಕ್ಕೆ ತಕ್ಕವರೇ ಆಗಿದ್ದರು, ಆ ಬಗ್ಗೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಆ ದಿನ ರಾತ್ರಿಯ ಊಟಕ್ಕೆ ಕೂತಾಗ ಅಪ್ಪನಿಗೆ ನಾನೇ ಬಡಿಸಿದೆ. ಕ್ಷಮಿಸಿ ಅಂತ ಹೇಳಬೇಕೆಂದು ನಿಂತವಳು, ‘ಇನ್ನೊಂದು ಸೌಟು ಸಾರು ಹಾಕಲಾ?’ ಅಂದೆ. ಅವರು ತಲೆ ಎತ್ತದೆ, ‘ಹಾಕು’ ಅಂದರು. ಅವರಿಗೆ ಸಾರು ಬೇಕಿರಲಿಲ್ಲ, ಎಲೆಯಲ್ಲಿ ಅನ್ನ ಮುಗಿದಿತ್ತು.